ಬಿಂಗ್ಲಿಯ ಐದು ಮೆಟ್ಟಿಲ ಲಾಕ್: ಕಾನೂನು ಕಾಯುವುದೇನು, ಕಾಯದೆ ಬಿಟ್ಟಿರುವುದೇನು

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಏರ್ ನದಿಯ ಕಣಿವೆಯ ಬಿಂಗ್ಲಿ ಎಂಬ ಊರಿನಲ್ಲಿ ದೋಣಿಗಳು ಗುಡ್ಡ ಹತ್ತುತ್ತವೆ. ಲೀಡ್ಸ್-ಲಿವರ್‌ಪೂಲ್ ಕಾಲುವೆ ಅಲ್ಲಿ 98 ಮೀಟರ್ ಉದ್ದದೊಳಗೆ 18 ಮೀಟರ್ ಎತ್ತರಕ್ಕೆ ಏರುತ್ತದೆ. ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ಲಾಕ್ ಎಂಬ ಐದು ಕಲ್ಲಿನ ತೊಟ್ಟಿಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಮೆಟ್ಟಿಲಿನಂತೆ ನಿಂತಿವೆ. ಬ್ರಿಟನ್ನಿನಲ್ಲಿ ಇದಕ್ಕಿಂತ ಕಡಿದಾದ ಲಾಕ್ ಸಾಲು ಇಲ್ಲ. 1774ರ ಮಾರ್ಚ್ 21ರಂದು ಇದು ತೆರೆದಾಗ ನೋಡಲು 30,000 ಜನ ಸೇರಿದ್ದರೆಂದೂ, ಮೊದಲ ದೋಣಿ 28 ನಿಮಿಷಗಳಲ್ಲಿ ಕೆಳಗಿಳಿಯಿತೆಂದೂ ಅಂದಿನ ವರದಿ ಹೇಳುತ್ತದೆ. ಇಂಗ್ಲೆಂಡಿನ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇದು ಮೊದಲ ದರ್ಜೆಯದು. ಪಟ್ಟಿಯಲ್ಲಿರುವ ಒಟ್ಟು ಕಟ್ಟಡಗಳಲ್ಲಿ ಈ ದರ್ಜೆ ಸಿಕ್ಕಿರುವುದು ಸುಮಾರು ಶೇ. 2.5ಕ್ಕೆ ಮಾತ್ರ.

2024ರಲ್ಲಿ ಇದಕ್ಕೆ 250 ತುಂಬಿತು. ಮರುವರ್ಷ ಇಂಗ್ಲೆಂಡ್ 1893ರ ನಂತರದ ಅತ್ಯಂತ ಒಣ ವಸಂತವನ್ನು ಕಂಡಿತು. ಮೇ ತಿಂಗಳಲ್ಲೇ ಜಲಾಶಯಗಳು ತಳ ಕಾಣತೊಡಗಿದ್ದರಿಂದ ಲೀಡ್ಸ್-ಲಿವರ್‌ಪೂಲ್ ಕಾಲುವೆಯ ಬಹುಭಾಗದಲ್ಲಿ ಲಾಕ್‌ಗಳಿಗೆ ಬೀಗ ಬಿತ್ತು. ಜೂನ್ ಹೊತ್ತಿಗೆ ಯಾರ್ಕ್‌ಶೈರ್‌ನಲ್ಲಿ ಅಧಿಕೃತವಾಗಿ ಬರ ಘೋಷಣೆಯಾಯಿತು. ಮೊದಲ ದರ್ಜೆಯ ರಕ್ಷಣೆ ಇದ್ದ ಲಾಕ್‌ಗಳ ಕಲ್ಲಿಗೆ ಏನೂ ಆಗಿರಲಿಲ್ಲ. ಆದರೆ ಕಲ್ಲು ಇರುವುದು ಯಾವ ಕೆಲಸಕ್ಕೋ ಆ ಕೆಲಸ ನಿಂತಿತ್ತು. ಬಿಂಗ್ಲಿಯ ಇಂದಿನ ಪ್ರಶ್ನೆ ಇರುವುದು ಇಲ್ಲಿ. ಕಾನೂನು ಯಾವುದನ್ನು ಕಾಯುತ್ತಿದೆಯೋ ಅದಕ್ಕೆ ಅಪಾಯ ಕಡಿಮೆ. ಅಪಾಯವಿರುವ ಮೂರು ವಸ್ತುಗಳು ನೀರು, ಮರ ಮತ್ತು ಹಣ. ಪಟ್ಟಿಯ ದರ್ಜೆ ಈ ಮೂರರಲ್ಲಿ ಒಂದನ್ನೂ ತಂದುಕೊಡುವುದಿಲ್ಲ.

ಮೆಟ್ಟಿಲು ಕಟ್ಟಿದ್ದೇಕೆ

ಸಾಮಾನ್ಯ ಲಾಕ್ ಎಂದರೆ ಎರಡೂ ತುದಿಗೆ ಕದವಿರುವ ಒಂದು ತೊಟ್ಟಿ. ಮೇಲಿನ ಕದದ ಆಚೆ ಎತ್ತರದ ನೀರು, ಕೆಳಗಿನ ಕದದ ಆಚೆ ತಗ್ಗಿನ ನೀರು. ತೊಟ್ಟಿ ತುಂಬಿಸಿದರೆ ದೋಣಿ ಮೇಲೆ, ಖಾಲಿ ಮಾಡಿದರೆ ಕೆಳಗೆ. ಇಂಥ ಲಾಕ್‌ಗಳನ್ನು ನಡುವೆ ಜಾಗ ಬಿಟ್ಟು ಸಾಲಾಗಿ ಕಟ್ಟುವುದು ರೂಢಿ. ಬಿಂಗ್ಲಿಯಲ್ಲಿ ಆ ಜಾಗ ಇರಲಿಲ್ಲ, ನೆಲ ಸುಮಾರು ಐದಕ್ಕೆ ಒಂದರಂತೆ ಏರುತ್ತದೆ. ಎಂಜಿನಿಯರ್ ಆಗಿದ್ದ ಹ್ಯಾಲಿಫ್ಯಾಕ್ಸ್‌ನ ಜಾನ್ ಲಾಂಗ್‌ಬಾಟಮ್ ತೊಟ್ಟಿಗಳನ್ನೇ ಒಂದಕ್ಕೊಂದು ಜೋಡಿಸಿದ. ಒಂದು ತೊಟ್ಟಿಯ ಮೇಲಿನ ಕದವೇ ಮುಂದಿನ ತೊಟ್ಟಿಯ ಕೆಳಗಿನ ಕದ. ಬಿಡಿಬಿಡಿಯಾಗಿ ಕಟ್ಟಿದ್ದರೆ ಐದು ಲಾಕ್‌ಗೆ ಹತ್ತು ಜೊತೆ ಕದ ಬೇಕಿತ್ತು. ಇಲ್ಲಿ ಆರು ಜೊತೆ ಸಾಕಾಯಿತು. ಕಲ್ಲು ಕೆಲಸ ಮಾಡಿದವರು ಸ್ಥಳೀಯ ಕುಶಲಿಗರೇ: ಬಿಂಗ್ಲಿಯ ಮೂವರು, ಪಕ್ಕದ ವಿಲ್ಸ್‌ಡೆನ್‌ನ ಒಬ್ಬ.

ಬಿಂಗ್ಲಿಯಿಂದ ಮೇಲಕ್ಕೆ, ಸ್ಕಿಪ್ಟನ್ ದಾಟಿ ಗಾರ್‌ಗ್ರೇವ್ ಸಮೀಪದವರೆಗೆ ಸುಮಾರು 17 ಮೈಲಿ ಒಂದೂ ಲಾಕ್ ಇಲ್ಲದ ಸಮತಟ್ಟು ಕಾಲುವೆ ಇದೆ. ಗುಡ್ಡದ ಅಂಚನ್ನು ಹಿಡಿದು ಬಳಸುತ್ತ ಸಾಗುವ ಈ ತುಂಡಿನಲ್ಲಿ ಬಿಂಗ್ಲಿ-ಸ್ಕಿಪ್ಟನ್ ಭಾಗ 1773ರಲ್ಲೇ ತೆರೆದಿತ್ತು. ಏರಿಕೆಯನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿ ಉಳಿದದ್ದನ್ನು ಮಟ್ಟವಾಗಿ ಒಯ್ಯುವ ಲೆಕ್ಕಾಚಾರ ಅದು. ಕ್ರೇವನ್ ಸೀಮೆಯ ಸುಣ್ಣಕಲ್ಲು ಕೆಳಗೆ, ಕಲ್ಲಿದ್ದಲು ಮೇಲಕ್ಕೆ ಹೋಗುತ್ತಿದ್ದ ಕಾಲದಲ್ಲಿ ಈ ಲೆಕ್ಕಾಚಾರ ಸರಿಯೇ ಇತ್ತು. 127 ಮೈಲಿಯ ಇಡೀ ಕಾಲುವೆ ಲಿವರ್‌ಪೂಲ್ ಮುಟ್ಟಿ ಪೂರ್ತಿಯಾದದ್ದು ಮಾತ್ರ 1816ರಲ್ಲಿ.

ಮೆಟ್ಟಿಲಿನಿಂದ ಕಲ್ಲೂ ಮರವೂ ಉಳಿಯಿತು. ಅದಕ್ಕೆ ತೆತ್ತ ಬೆಲೆ ನೀರಿನಲ್ಲಿದೆ. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇಂದಿನ ತಕರಾರುಗಳ ಬೇರು ಇಲ್ಲೇ ಇದೆ.

ಒಂದು ತೊಟ್ಟಿ ನೀರಿನ ಲೆಕ್ಕ

ಈ ಭಾಗದ ಲಾಕ್‌ಗಳಲ್ಲಿ 62 ಅಡಿ ಉದ್ದ, 14 ಅಡಿ ಅಗಲದ ದೋಣಿ ಹಿಡಿಸುತ್ತದೆ. ಬೇರೆ ಕಾಲುವೆಗಳಲ್ಲಿ ಓಡಾಡುವ 70 ಅಡಿಯ ಕಿರುದೋಣಿಗಳು ಇಲ್ಲಿಗೆ ಬರಲಾರವು. ಒಂದೊಂದು ತೊಟ್ಟಿಯೂ ಸುಮಾರು 12 ಅಡಿ ಏರಿಸುತ್ತದೆ. ಗುಣಿಸಿ ನೋಡಿದರೆ ಒಂದು ತೊಟ್ಟಿ ತುಂಬಲು ಬೇಕಾದ ನೀರು 3 ಲಕ್ಷ ಲೀಟರ್‌ಗೆ ಕಡಿಮೆ ಇಲ್ಲ.

ತೊಟ್ಟಿಗಳಿಗೆ ಕೆಳಗಿನಿಂದ 1, 2, 3, 4, 5 ಎಂದು ಗುರುತು ಹಾಕಿಕೊಳ್ಳಿ. ದೋಣಿ ಮೇಲೇರಬೇಕಾದರೆ ಮೊದಲೇ 1 ಖಾಲಿ ಇರಬೇಕು, 2ರಿಂದ 5 ತುಂಬಿರಬೇಕು. ದೋಣಿ 1ರೊಳಗೆ ಬಂದು ಹಿಂದಿನ ಕದ ಮುಚ್ಚಿದ ಮೇಲೆ 2ರ ನೀರನ್ನು 1ಕ್ಕೆ ಬಿಡುತ್ತಾರೆ. 1 ತುಂಬುತ್ತದೆ, 2 ಖಾಲಿಯಾಗುತ್ತದೆ, ಎರಡರ ಮಟ್ಟವೂ ಒಂದಾಗುತ್ತದೆ. ನಡುವಿನ ಕದ ತೆರೆದು ದೋಣಿ 2ಕ್ಕೆ ಹೋಗುತ್ತದೆ. ಆಮೇಲೆ 3ರ ನೀರು 2ಕ್ಕೆ, ಹೀಗೆ ಕೊನೆಗೆ 5ನ್ನು ಮೇಲಿನ ಕಾಲುವೆಯಿಂದ ತುಂಬಿಸುತ್ತಾರೆ. ದೋಣಿ ಹೊರಬಿದ್ದಾಗ ಐದೂ ತೊಟ್ಟಿ ತುಂಬಿರುತ್ತವೆ. ಇಳಿಯುವುದು ಇದರ ತಿರುವು: 5 ಮಾತ್ರ ತುಂಬಿರಬೇಕು, ಕೆಳಗಿನ ನಾಲ್ಕೂ ಖಾಲಿ ಇರಬೇಕು. ದೋಣಿ ತನ್ನ ಜೊತೆಗೆ ಒಂದೇ ತೊಟ್ಟಿ ನೀರನ್ನು ಇಳಿಸಿಕೊಂಡು ಬರುತ್ತದೆ, ಕೊನೆಯಲ್ಲಿ ಐದೂ ಖಾಲಿ.

ಸಿಕ್ಕು ಶುರುವಾಗುವುದು ದಿಕ್ಕು ಬದಲಾದಾಗ. ಒಂದು ದೋಣಿ ಹತ್ತಿದ ಕೂಡಲೇ ಇನ್ನೊಂದು ಇಳಿಯಬೇಕೆಂದರೆ ತುಂಬಿದ ನಾಲ್ಕು ತೊಟ್ಟಿಯನ್ನು ಸುಮ್ಮನೆ ಹರಿಯಬಿಡಬೇಕು. ಅದರ ಹಿಂದೆಯೇ ಮತ್ತೊಂದು ಹತ್ತಬೇಕೆಂದರೆ ಖಾಲಿಯಾದ ನಾಲ್ಕನ್ನು ಮೇಲಿನ ಕಾಲುವೆಯಿಂದ ಮತ್ತೆ ತುಂಬಿಸಬೇಕು. ಹತ್ತುವುದು, ಇಳಿಯುವುದು, ಹತ್ತುವುದು, ಇಳಿಯುವುದು ಎಂದು ಸರದಿ ನಡೆದರೆ ಪ್ರತಿ ಎರಡು ಸಂಚಾರಕ್ಕೆ ಐದು ತೊಟ್ಟಿ ನೀರು ಮೇಲಿನಿಂದ ಖರ್ಚು, ಅಂದರೆ ಒಂದಕ್ಕೆ ಎರಡೂವರೆ. ಮೂರನ್ನು ಸಾಲಾಗಿ ಹತ್ತಿಸಿ ಮೂರನ್ನು ಸಾಲಾಗಿ ಇಳಿಸಿದರೆ ಆರು ಸಂಚಾರಕ್ಕೆ ಒಂಬತ್ತು ತೊಟ್ಟಿ, ಒಂದಕ್ಕೆ ಒಂದೂವರೆ. ಐದೈದರಂತೆ ಬಿಟ್ಟರೆ ಹತ್ತಕ್ಕೆ ಹದಿಮೂರು. ಕಿರುದೋಣಿಗಳ ಅಗಲ ಏಳಡಿಯ ಆಸುಪಾಸು, ಹಾಗಾಗಿ ಎರಡು ಪಕ್ಕಪಕ್ಕ ಸೇರಿದರೆ ಈ ಖರ್ಚೂ ಅರ್ಧಕ್ಕೆ ಇಳಿಯುತ್ತದೆ.

ಬಿಡಿ ಲಾಕ್‌ಗಳ ಸಾಲಿನಲ್ಲಿ ನಿಯಮ ಪೂರಾ ಉಲ್ಟಾ. ಅಲ್ಲಿ ಒಂದು ಹತ್ತಿ ಒಂದು ಇಳಿದರೆ ಒಂದೇ ತೊಟ್ಟಿ ನೀರಿನಲ್ಲಿ ಎರಡರ ಕೆಲಸವೂ ಮುಗಿಯುತ್ತದೆ, ಸರದಿಯೇ ಅಲ್ಲಿ ಮಿತವ್ಯಯ. ಬೇರೆ ಕಾಲುವೆಯಲ್ಲಿ ಪಳಗಿದ ದೋಣಿಯವರಿಗೆ ಬಿಂಗ್ಲಿಯಲ್ಲಿ ಒಂದು ಗಂಟೆ ಕಾಯಿಸಿದರೆ ಕಿರಿಕಿರಿಯಾಗುವುದು ಇದಕ್ಕೇ. ಲಾಕ್ ನಡೆಸುವ ಲಾಕ್ ಕೀಪರ್ ದೋಣಿಯವರನ್ನು ನಿಲ್ಲಿಸಿಕೊಳ್ಳುವುದು ದರ್ಪಕ್ಕಲ್ಲ. ಎದುರು ದಿಕ್ಕಿನ ಗುಂಪು ಮುಗಿಯದೆ ದಿಕ್ಕು ತಿರುಗಿಸಿದರೆ 12 ಲಕ್ಷ ಲೀಟರ್ ನೀರು ಯಾವ ದೋಣಿಗೂ ಉಪಯೋಗವಾಗದೆ ಕೆಳಗೆ ಹೋಗುತ್ತದೆ.

ಸೋರಿಕೆಯ ಲೆಕ್ಕವನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಕದದ ಸಂದಿನಲ್ಲಿ ಸೆಕೆಂಡಿಗೆ ಮೂರೂವರೆ ಲೀಟರ್ ಜಿನುಗಿದರೆ ನೋಡುವವರಿಗೆ ಅದು ಏನೂ ಅಲ್ಲ. ದಿನಕ್ಕೆ ಅದು 3 ಲಕ್ಷ ಲೀಟರ್, ಒಂದು ಪೂರ್ತಿ ತೊಟ್ಟಿ. ದೋಣಿ ಬಂದರೂ ಬಾರದಿದ್ದರೂ, ಲಾಕ್‌ಗೆ ಬೀಗ ಹಾಕಿದ್ದರೂ ಈ ಖರ್ಚು ತಪ್ಪುವುದಿಲ್ಲ.

ತಪ್ಪು ಮಾಡಿದರೆ

ಐದು ತೊಟ್ಟಿ ಅಂಟಿಕೊಂಡಿರುವಲ್ಲಿ ಒಂದು ತೂಬನ್ನು ತಪ್ಪಾಗಿ ಎತ್ತಿದರೂ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ಹತ್ತುವಾಗ ಮೇಲಿನ ತೊಟ್ಟಿಯಲ್ಲಿ ನೀರು ಕಡಿಮೆಯಿದ್ದರೆ ಎರಡರ ಮಟ್ಟ ಸೇರಿದಾಗ ಹೊಸ್ತಿಲ ಮೇಲೆ ಸಾಕಷ್ಟು ಆಳ ಉಳಿಯುವುದಿಲ್ಲ, ದೋಣಿ ಮುಂದಕ್ಕೆ ಹೋಗದು. ಇಳಿಯುವಾಗ ಕೆಳಗಿನ ತೊಟ್ಟಿ ಆಗಲೇ ತುಂಬಿದ್ದರೆ ಮೇಲಿಂದ ಬಿಟ್ಟ ನೀರಿಗೆ ಜಾಗವಿಲ್ಲ. ಅದು ಕೋಡಿ ಬೀಳುತ್ತದೆ, ಕೋಡಿಗೂ ಮೀರಿದರೆ ಕದದ ಮೇಲೆ, ದಂಡೆಯ ಮೇಲೆ ಹರಿದು ಗೋಡೆಯ ಹಿಂದಿನ ಮಣ್ಣನ್ನು ಸಡಿಲಿಸುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ಹೊಸ್ತಿಲು. ಮೇಲಿನ ಕದದ ಬುಡದಲ್ಲಿ ಕಲ್ಲಿನ ಕಟ್ಟೆಯೊಂದು ತೊಟ್ಟಿಯೊಳಕ್ಕೆ ಚಾಚಿರುತ್ತದೆ. ನೀರು ತುಂಬಿದಾಗ ಅದು ಕಾಣುವುದೇ ಇಲ್ಲ. ಇಳಿಯುವ ದೋಣಿಯ ಹಿಂಭಾಗ ಅದರ ಮೇಲಿದ್ದರೆ, ನೀರು ಇಳಿದಂತೆ ಹಿಂಭಾಗ ಕಟ್ಟೆಯ ಮೇಲೆ ಕೂತು ಮುಂಭಾಗ ಜಾರುತ್ತ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ದೋಣಿ ಮುಳುಗಬಹುದು. ಹೀಗಾದಾಗ ಮೊದಲು ಮಾಡಬೇಕಾದದ್ದು ಕೆಳಗಿನ ತೂಬು ಮುಚ್ಚುವುದು, ಆಮೇಲೆ ಮೇಲಿನ ತೂಬನ್ನು ನಿಧಾನವಾಗಿ ತೆರೆದು ನೀರು ಏರಿಸುವುದು. ಗಾಬರಿಯಲ್ಲಿ ಈ ಕ್ರಮ ತಪ್ಪಿಸುವವರೇ ಹೆಚ್ಚು.

ಅದಕ್ಕೇ ಬಿಂಗ್ಲಿಯಲ್ಲಿ ಲಾಕ್ ಕೀಪರ್ ಇಲ್ಲದೆ ಯಾರೂ ಲಾಕ್ ಮುಟ್ಟುವಂತಿಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ತೂಬುಗಳಿಗೆ ಬೀಗ. ಐದೂ ಹಂತದ ತೂಬುಗಳನ್ನು ಯಾರಾದರೂ ರಾತ್ರಿ ಎತ್ತಿಟ್ಟು ಹೋದರೆ ಮೇಲಿನ 17 ಮೈಲಿಯ ಕಾಲುವೆ ಬಿಂಗ್ಲಿಯ ಕಡೆಗೆ ಬಸಿಯತೊಡಗುತ್ತದೆ.

ಪಟ್ಟಿಯ ಕಾನೂನು, ಬಳಕೆಯ ಕಾನೂನು

ಇಂಗ್ಲೆಂಡಿನಲ್ಲಿ ಇಂಥ ರಚನೆಗಳಿಗೆ ಎರಡು ಬಗೆಯ ಪಾರಂಪರಿಕ ರಕ್ಷಣೆ ಇದೆ. 1990ರ ಯೋಜನಾ ಕಾಯ್ದೆಯಡಿ ಕಟ್ಟಡವನ್ನು ಪಟ್ಟಿಗೆ ಸೇರಿಸುವುದು ಒಂದು. 1979ರ ಕಾಯ್ದೆಯಡಿ ಪುರಾತನ ಸ್ಮಾರಕವೆಂದು ನಮೂದಿಸುವುದು ಇನ್ನೊಂದು. ಬಿಂಗ್ಲಿಯದು ಮೊದಲ ಬಗೆ. ವಿಲ್ಟ್‌ಶೈರ್‌ನ ಡಿವೈಜಸ್ ಬಳಿ, 29 ಲಾಕ್‌ಗಳು ಎರಡು ಮೈಲಿಯಲ್ಲಿ 72 ಮೀಟರ್ ಏರುವ ಕೇನ್ ಹಿಲ್ ಸಾಲಿನಲ್ಲಿ ನೇರಕ್ಕೆ ನಿಂತ 16 ಲಾಕ್‌ಗಳದು ಎರಡನೆಯ ಬಗೆ.

ಎರಡರ ಸ್ವಭಾವವೂ ಬೇಡ ಎನ್ನುವುದು. ಅನುಮತಿ ಇಲ್ಲದೆ ಕೆಡವಬೇಡ, ರೂಪ ಕೆಡಿಸಬೇಡ. ಮಾಡಿದರೆ ಅದು ಅಪರಾಧ. ಆದರೆ ದುರಸ್ತಿ ಮಾಡು, ಓಡುವ ಸ್ಥಿತಿಯಲ್ಲಿಡು ಎಂದು ಮಾಲೀಕನಿಗೆ ಇವು ನೇರವಾಗಿ ಆಜ್ಞೆ ಮಾಡುವುದಿಲ್ಲ. ತೀರಾ ಹದಗೆಟ್ಟಾಗ ಪಟ್ಟಿಯ ಕಟ್ಟಡಕ್ಕೆ ದುರಸ್ತಿ ನೋಟಿಸ್ ಕೊಡುವ ದಾರಿ ಇದ್ದರೂ ಅದು ಕೊನೆಯ ಅಸ್ತ್ರ. ಕಾಲುವೆಗಳಿಗೆ ಇನ್ನೊಂದು ಸಡಿಲಿಕೆಯೂ ಇದೆ: ನಮೂದಿತ ಸ್ಮಾರಕದಲ್ಲಿ ಕಾಲುವೆ ನಡೆಯಲು ಅಗತ್ಯವಾದ, ರೂಪವನ್ನು ಗಣನೀಯವಾಗಿ ಬದಲಿಸದ ದುರಸ್ತಿಗೆ ಪ್ರತಿಸಲ ಅರ್ಜಿ ಹಾಕಬೇಕಿಲ್ಲ, 1994ರ ಆದೇಶವೊಂದು ಅದಕ್ಕೆ ಸಾಮೂಹಿಕ ಅನುಮತಿ ಕೊಟ್ಟಿದೆ. ಇದು ಸರಿಯಾದದ್ದೇ. ಸೋರುವ ಕದಕ್ಕೆ ಹಲಗೆ ಬಡಿಯಲು ತಿಂಗಳುಗಟ್ಟಲೆ ಕಾಯಬೇಕಾದರೆ ರಕ್ಷಣೆಯೇ ಹಾನಿಯಾಗುತ್ತದೆ.

ನಿಜವಾದ ಬಲ ಇರುವುದು ಪಾರಂಪರಿಕ ಎಂಬ ಪದವೇ ಇಲ್ಲದ ಕಾನೂನಿನಲ್ಲಿ. 1968ರ ಸಾರಿಗೆ ಕಾಯ್ದೆ ಆಗಿನ ಸರ್ಕಾರಿ ಕಾಲುವೆಗಳನ್ನು ಮೂರು ವಿಂಗಡಿಸಿತು: ವಾಣಿಜ್ಯ ಸಂಚಾರದವು, ವಿಹಾರದವು, ಉಳಿಕೆಯವು. ಅದರ 105ನೆಯ ಕಲಮಿನ ಪ್ರಕಾರ ವಿಹಾರದ ಕಾಲುವೆಗಳನ್ನು ವಿಹಾರ ದೋಣಿಗಳು ಓಡಾಡುವ ಸ್ಥಿತಿಯಲ್ಲಿಡುವುದು ನಿರ್ವಾಹಕರ ಕರ್ತವ್ಯ. ಲೀಡ್ಸ್-ಲಿವರ್‌ಪೂಲ್ ಈ ಎರಡನೆಯ ಗುಂಪಿನದು. ಬಿಂಗ್ಲಿಯ ಲಾಕ್‌ಗಳು ಇಂದು ಕೆಲಸ ಮಾಡುತ್ತಿರುವುದಕ್ಕೆ ಮೊದಲ ದರ್ಜೆಯ ಫಲಕಕ್ಕಿಂತ ಈ ಒಣ ಕಲಮು ಹೆಚ್ಚು ಕಾರಣ ಎಂಬುದು ನಮ್ಮ ಅಭಿಪ್ರಾಯ. ಉಳಿಕೆಯ ಗುಂಪಿಗೆ ಸೇರಿದ ಕಾಲುವೆಗಳಿಗೆ ಈ ಕರ್ತವ್ಯದ ಆಸರೆ ಇರಲಿಲ್ಲ. ಕೇನ್ ಹಿಲ್ ಮೂಲಕ ಕೊನೆಯ ಪೂರ್ಣ ಸಂಚಾರ ನಡೆದದ್ದು 1948ರಲ್ಲಿ. ಮುಂದೆ ಸ್ವಯಂಸೇವಕರು ವರ್ಷಾನುಗಟ್ಟಲೆ ಹೂಳೆತ್ತಿ, ಹಣ ಕೂಡಿಸಿ, 1990ರ ಆಗಸ್ಟ್‌ನಲ್ಲಿ ಅದನ್ನು ಮತ್ತೆ ತೆರೆಯುವಂತೆ ಮಾಡಬೇಕಾಯಿತು. ಯಾವ ಕಾಲುವೆ ಯಾವ ಗುಂಪಿಗೆ ಸೇರಬೇಕೆಂಬುದನ್ನು ಮಂತ್ರಿಯ ಆದೇಶದಿಂದ ಬದಲಿಸಬಹುದು ಎಂಬ ಅಂಶವನ್ನೂ ಮರೆಯುವಂತಿಲ್ಲ.

ಪಟ್ಟಿಗೆ ಸೇರಿರುವುದು ಲಾಕ್. ಅದಕ್ಕೆ ನೀರು ಕೊಡುವ ಜಲಾಶಯ ಬೇರೆ ಕಣಿವೆಯಲ್ಲಿದೆ. ಲೀಡ್ಸ್-ಲಿವರ್‌ಪೂಲ್ ಕಾಲುವೆಯ ನೆತ್ತಿ ಪೆನೈನ್ ಬೆಟ್ಟಸಾಲಿನ ಮೇಲೆ, ಸಮುದ್ರಮಟ್ಟದಿಂದ 487 ಅಡಿ ಎತ್ತರದಲ್ಲಿದೆ. ಎರಡೂ ಕಡೆಗೆ ಇಳಿಯುವ ದೋಣಿಗಳಿಗೆ ನೀರು ಅಲ್ಲಿಂದಲೇ ಬರಬೇಕು. ಫೌಲ್‌ರಿಜ್, ವೈಟ್‌ಮೂರ್, ಸ್ಲಿಪರ್ ಹಿಲ್, ಬ್ಯಾರೊಫರ್ಡ್, ವಿಂಟರ್‌ಬರ್ನ್, ರಿಷ್ಟನ್ ಜಲಾಶಯಗಳು ಈ ಕಾಲುವೆಗೆಂದೇ ಇರುವಂಥವು. ಕಾಲುವೆ ಮುಗಿದ 70 ವರ್ಷಗಳ ನಂತರವೂ ನೀರು ಸಾಲದೆ ವಿಂಟರ್‌ಬರ್ನ್ ಕಟ್ಟಬೇಕಾಯಿತು. ಅದು ಮುಗಿದದ್ದು 1893ರಲ್ಲಿ, ಅಲ್ಲಿಂದ ಕೊಳವೆಯಲ್ಲಿ ನೀರು ತಂದರು. ನೀರಿನ ಕೊರತೆ ಈ ಕಾಲುವೆಗೆ ಹೊಸ ಕಾಯಿಲೆಯೇನಲ್ಲ. 2010ರಲ್ಲೂ ಬೇಸಿಗೆಯ ನಡುವೆ ಇದರ ದೊಡ್ಡ ಭಾಗವನ್ನು ಮುಚ್ಚಿದ್ದರು.

ಹೊಸದಾಗಿ ಸೇರಿಕೊಂಡ ಸಂಗತಿ ಅಣೆಕಟ್ಟೆಗಳ ವಯಸ್ಸು. 2019ರ ಆಗಸ್ಟ್ 1ರಂದು ಡರ್ಬಿಶೈರ್‌ನ ಟೊಡ್‌ಬ್ರೂಕ್ ಜಲಾಶಯದ ಕೋಡಿಯ ಕಾಂಕ್ರೀಟು ಮಳೆನೀರಿನ ರಭಸಕ್ಕೆ ಕಿತ್ತುಬಂದು, ಕೆಳಗಿನ ವೇಲಿ ಬ್ರಿಡ್ಜ್ ಊರಿನ ಸುಮಾರು 1,500 ಜನರನ್ನು ಮನೆ ಬಿಡಿಸಬೇಕಾಯಿತು. ಅದೂ ಕಾಲುವೆಗೆ ನೀರು ಕೊಡುವ ಜಲಾಶಯವೇ. ಮಣ್ಣಿನ ಹಳೆಯ ಕಟ್ಟೆಗಳ ತಪಾಸಣೆ ಆಮೇಲೆ ಬಿಗಿಯಾಯಿತು. ತಪಾಸಣೆಯಲ್ಲಿ ಅನುಮಾನ ಬಂದರೆ ಎಂಜಿನಿಯರ್ ಮೊದಲು ಹೇಳುವುದು ನೀರಿನ ಮಟ್ಟ ತಗ್ಗಿಸಿ ಎಂದು. ಅದು ಸರಿಯಾದ ಸಲಹೆಯೇ, ಆದರೆ ಚಳಿಗಾಲದಲ್ಲಿ ತಗ್ಗಿಸಿದ ಮಟ್ಟ ಬೇಸಿಗೆಗೆ ಲಾಕ್‌ಗಳ ಬೀಗವಾಗಿ ಬರುತ್ತದೆ.

ಕೇನ್ ಹಿಲ್‌ನಲ್ಲಿ ಬೇರೆ ದಾರಿ ಹಿಡಿದರು. 1996ರಲ್ಲಿ ಬುಡದ ಫಾಕ್ಸ್‌ಹ್ಯಾಂಗರ್ಸ್‌ನಲ್ಲಿ ಪಂಪು ಕೂರಿಸಿ, ದಿನಕ್ಕೆ 3.2 ಕೋಟಿ ಲೀಟರ್‌ವರೆಗೆ ನೀರನ್ನು ತುದಿಗೆ ವಾಪಸು ಒಯ್ಯುವ ವ್ಯವಸ್ಥೆ ಮಾಡಿದರು. ಹನ್ನೊಂದು ನಿಮಿಷಕ್ಕೊಂದು ತೊಟ್ಟಿ ಎಂಬ ಲೆಕ್ಕ. ಪಂಪು ಇದ್ದಲ್ಲಿ ಬರದ ಚಿಂತೆ ಕಡಿಮೆ, ಕರೆಂಟು ಬಿಲ್ಲಿನ ಚಿಂತೆ ಹೆಚ್ಚು.

ಇಪ್ಪತ್ತೈದು ವರ್ಷಕ್ಕೊಮ್ಮೆ ಹೊಸ ಕದ

250 ವರ್ಷದ ಲಾಕ್‌ನ ಕದಗಳು 250 ವರ್ಷದವಲ್ಲ. ಓಕ್ ಮರದ ಕದ ಬಾಳುವುದು ಸುಮಾರು 25 ವರ್ಷ. ಹಾಗೆ ನೋಡಿದರೆ ಬಿಂಗ್ಲಿ ಹತ್ತು ತಲೆಮಾರು ಕದಗಳನ್ನು ಕಂಡಿರಬೇಕು. ಇಲ್ಲಿ ಪರಂಪರೆ ಎಂದರೆ ಮರವಲ್ಲ, ಮರ ಕೂಡಿಸುವ ವಿಧಾನ.

ಎರಡು ಕದಗಳು ಮೇಲಿನ ನೀರಿಗೆ ಎದುರಾಗಿ ಬಾಣದ ತುದಿಯಂತೆ ಸೇರುತ್ತವೆ. ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ. 12 ಅಡಿ ಮಟ್ಟದ ವ್ಯತ್ಯಾಸ ಇದ್ದಾಗ ಒಂದು ಜೊತೆ ಕದದ ಮೇಲೆ ಬೀಳುವ ಒತ್ತಡ ಅಂದಾಜು 50 ಟನ್. ಅಷ್ಟು ಭಾರ ಗೋಡೆಗೆ ಸಾಗುವುದು ಕದದ ಹಿಂಗಂಬದ ಮೂಲಕ. ಆ ಕಂಬ ಗೋಡೆಯ ಅರ್ಧವೃತ್ತದ ತೋಡಿನಲ್ಲಿ ಕೂತು ತಿರುಗುತ್ತದೆ. ಬುಡದಲ್ಲಿ ಲೋಹದ ಗುಳಿ ಮತ್ತು ಮೊಳೆ, ನೆತ್ತಿಯಲ್ಲಿ ಕಬ್ಬಿಣದ ಪಟ್ಟಿ. ಉದ್ದನೆಯ ತೊಲೆ ಕದವನ್ನು ತಳ್ಳುವುದಕ್ಕೂ ಹೌದು, ಕದ ಮುಂದಕ್ಕೆ ಜೋತುಬೀಳದಂತೆ ಸಮತೂಕ ಕೊಡುವುದಕ್ಕೂ ಹೌದು.

ಕೆಡುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ನೀರಿನ ಮಟ್ಟ ದಿನವೂ ಏರಿಳಿಯುವ ಎತ್ತರದಲ್ಲಿ ಮರ ಒದ್ದೆಯಾಗಿ ಒಣಗಿ ಕೊಳೆಯುತ್ತದೆ, ಸದಾ ಮುಳುಗಿರುವ ಭಾಗ ಅಷ್ಟು ಬೇಗ ಕೆಡದು. ಎರಡು ಕದ ಸೇರುವ ಅಂಚು ದೋಣಿಗಳ ಗುದ್ದಿಗೆ ಜಜ್ಜಿಹೋಗುತ್ತದೆ. ಹೊಸ್ತಿಲ ಮೇಲೆ ಕಲ್ಲೋ ಕೊಂಬೆಯೋ ಸಿಕ್ಕಿಕೊಂಡರೆ ಕದ ಪೂರ್ತಿ ಮುಚ್ಚದೆ ಒಂದು ಮೂಲೆಯ ಮೇಲೆ ಭಾರವೆಲ್ಲ ಬಿದ್ದು ತಿರುಚಿಕೊಳ್ಳುತ್ತದೆ. ಹಳೆಯ ಕೆಲಸಗಾರರು ಸಣ್ಣ ಸೋರಿಕೆಗೆ ಮೇಲ್ಗಡೆಯ ನೀರಿಗೆ ಬೂದಿ ಸುರಿಯುತ್ತಿದ್ದರು. ಸೋರುವ ನೀರೇ ಬೂದಿಯನ್ನು ಸಂದಿಗೆ ಎಳೆದೊಯ್ದು ತುಂಬುತ್ತಿತ್ತು.

ಕದ ಬದಲಿಸುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ, ದೋಣಿ ಸಂಚಾರ ಕಡಿಮೆಯಿರುವಾಗ. ಕಾಲುವೆಗೆ ಅಡ್ಡಲಾಗಿ ಕಲ್ಲಿನ ತೋಡಿನಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ತಡೆಯುತ್ತಾರೆ. ಮೀನುಗಳನ್ನು ಹಿಡಿದು ಬೇರೆಡೆ ಬಿಡುತ್ತಾರೆ. ತೊಟ್ಟಿ ಬಸಿದ ಮೇಲೆ ಹಳೆಯ ಕದವನ್ನು ಎತ್ತುತ್ತಾರೆ. ಹೊಸದು ಮೊದಲೇ ಸಿದ್ಧವಾಗಿರುತ್ತದೆ. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ಗೆ ವೇಕ್‌ಫೀಲ್ಡ್ ಬಳಿಯ ಸ್ಟ್ಯಾನ್ಲಿ ಫೆರಿ ಮತ್ತು ಮಧ್ಯ ಇಂಗ್ಲೆಂಡಿನ ಬ್ರಾಡ್ಲಿಯಲ್ಲಿ ಸ್ವಂತ ಕದದ ಕಾರ್ಖಾನೆಗಳಿವೆ. ಒಂದು ಲಾಕ್‌ನ ಕದ ಇನ್ನೊಂದಕ್ಕೆ ಹೊಂದುವುದಿಲ್ಲ, ಎರಡೂವರೆ ಶತಮಾನದಲ್ಲಿ ಗೋಡೆಗಳು ಅಂಗುಲ ಅರ್ಧ ಅಂಗುಲ ಸರಿದಿರುತ್ತವೆ. ಹೀಗಾಗಿ ಪ್ರತಿಯೊಂದಕ್ಕೂ ಬೇರೆ ಅಳತೆ. ಕೂರಿಸಿದ ದಿನ ಹೊಸ ಕದ ಸ್ವಲ್ಪ ಸೋರಿದರೆ ಚಿಂತಿಸಬೇಕಿಲ್ಲ. ನೀರು ಹೀರಿ ಓಕ್ ಉಬ್ಬಿದಾಗ ಸಂದುಗಳು ತಾವೇ ಮುಚ್ಚಿಕೊಳ್ಳುತ್ತವೆ.

ಕಲ್ಲಿನ ದುರಸ್ತಿಯಲ್ಲಿ ನಡೆಯುವ ದೊಡ್ಡ ತಪ್ಪು ಸಿಮೆಂಟು. ಹಳೆಯ ಸಂದುಗಳಲ್ಲಿರುವುದು ಸುಣ್ಣದ ಗಾರೆ. ಅದು ಕಲ್ಲಿಗಿಂತ ಮೆದು, ಗೋಡೆ ಸ್ವಲ್ಪ ಅಲುಗಿದರೆ ಸಹಿಸಿಕೊಳ್ಳುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಮೆತ್ತಿದರೆ ತೇವ ಕಲ್ಲಿನ ಮೂಲಕವೇ ಹೊರಬರಬೇಕು. ಚಳಿಗೆ ಅದು ಹೆಪ್ಪುಗಟ್ಟಿ ಕಲ್ಲಿನ ಮುಖವನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಸಿಮೆಂಟು ಹಾಗೇ ಗಟ್ಟಿಯಾಗಿ ನಿಂತು ಕಲ್ಲು ಸವೆದ ಗೋಡೆಗಳನ್ನು ನೋಡಿದರೆ ಯಾವ ದಶಕದಲ್ಲಿ ಯಾರು ಉಳಿತಾಯ ಮಾಡಿದ್ದರೆಂದು ಊಹಿಸಬಹುದು.

ಓಕ್ ಬದಲು ಉಕ್ಕಿನ ಕದ ಏಕೆ ಬೇಡ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಉಕ್ಕು ಹೆಚ್ಚು ಕಾಲ ಬಾಳುತ್ತದೆ, ಮರದಷ್ಟು ಉಬ್ಬಿ ಕುಗ್ಗುವುದಿಲ್ಲ. ಸ್ಕಾಟ್ಲೆಂಡಿನ ಕ್ಯಾಲಿಡೋನಿಯನ್ ಕಾಲುವೆಯಲ್ಲಿ ಎಂಟು ತೊಟ್ಟಿಗಳ ನೆಪ್ಚೂನ್ಸ್ ಸ್ಟೇರ್‌ಕೇಸ್ ಇದೆ. ಅಲ್ಲಿ ಕದಗಳನ್ನು ಯಂತ್ರದಿಂದಲೇ ನಡೆಸುತ್ತಾರೆ, ಆದರೂ ಅದು ಸ್ಮಾರಕವಾಗಿಯೇ ಉಳಿದಿದೆ. ಬಿಂಗ್ಲಿಯಲ್ಲಿ ಉಕ್ಕು ತಂದರೆ ಸೋರಿಕೆ ತಡೆಗೆ ರಬ್ಬರ್ ಅಂಚು ಬೇಕು, ಅದಕ್ಕಾಗಿ ಮೂಲ ಕಲ್ಲಿನ ತೋಡನ್ನು ಕೆತ್ತಬೇಕಾಗಬಹುದು. ಮರದ ಕದ ಪ್ರತಿಸಲ ಕಲ್ಲಿಗೆ ತಕ್ಕಂತೆ ತನ್ನನ್ನು ಕೆತ್ತಿಸಿಕೊಳ್ಳುತ್ತದೆ, ಉಕ್ಕಿನ ಕದ ಕಲ್ಲನ್ನೇ ತನಗೆ ತಕ್ಕಂತೆ ಕೆತ್ತಿಸುತ್ತದೆ. 25 ವರ್ಷಕ್ಕೊಮ್ಮೆ ಖರ್ಚು ಬರುವುದಾದರೂ ಓಕ್ ಅಗ್ಗವೇ ಎಂದು ನಮಗನ್ನಿಸುವುದು ಈ ಕಾರಣಕ್ಕೆ.

ಮುಚ್ಚಿಟ್ಟರೆ ಉಳಿಯುತ್ತದೆಯೇ

ದೋಣಿ ಓಡಿಸದಿದ್ದರೆ ಲಾಕ್ ಸವೆಯುವುದಿಲ್ಲ, ಮುಚ್ಚಿ ಕಾಪಾಡೋಣ ಎನ್ನುವವರೂ ಇದ್ದಾರೆ. ಅರಮನೆಗೆ ಈ ಮಾತು ನಡೆಯಬಹುದು, ಲಾಕ್‌ಗೆ ನಡೆಯದು.

ಕಾಲುವೆಯ ತಳದಲ್ಲಿ ನೀರು ಇಂಗದಂತೆ ತುಳಿದು ಹದಮಾಡಿದ ಜೇಡಿಮಣ್ಣಿನ ಪದರ ಇರುತ್ತದೆ. ಕೆರೆಯ ಅಂಗಳ ಬೇಸಿಗೆಯಲ್ಲಿ ಬಿರಿಯುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ: ನೀರು ಬತ್ತಿ ಜೇಡಿ ಬಿರಿದರೆ ಮತ್ತೆ ನೀರು ಬಿಟ್ಟಾಗ ಬಿರುಕಿನಲ್ಲೇ ಹಾದಿ ಮಾಡಿಕೊಳ್ಳುತ್ತದೆ, ಹಾದಿ ದೊಡ್ಡದಾದರೆ ಏರಿಯೇ ಒಡೆಯಬಹುದು. ಓಕ್ ಕದ ಒಣಗಿ ಸೀಳುತ್ತದೆ. ಲಾಕ್‌ನ ಗೋಡೆಗಳಿಗೆ ಇನ್ನೊಂದು ಅಪಾಯ. ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿ ಗೋಡೆಯನ್ನು ಒಳಕ್ಕೆ ನೂಕುತ್ತಿರುತ್ತದೆ. ತೊಟ್ಟಿಯಲ್ಲಿ ನೀರಿದ್ದರೆ ಅದು ಎದುರಿನಿಂದ ಆನಿಸಿ ಹಿಡಿಯುತ್ತದೆ. ಬಹಳ ಕಾಲ ಖಾಲಿ ಬಿಟ್ಟ ತೊಟ್ಟಿಯ ಗೋಡೆ ನಡುವಿನಲ್ಲಿ ಹೊಟ್ಟೆ ಉಬ್ಬಿಸುವುದು ಇದರಿಂದ. ಸಂದುಗಳಲ್ಲಿ ಗಿಡ ಬೇರೂರುವುದಂತೂ ಇದ್ದೇ ಇದೆ.

ಹಾಗಾಗಿ ಬರದಲ್ಲಿ ಲಾಕ್ ಮುಚ್ಚಿದರೂ ಕಾಲುವೆಯನ್ನೂ ತೊಟ್ಟಿಗಳನ್ನೂ ಒಣಗಲು ಬಿಡುವಂತಿಲ್ಲ. ದೋಣಿ ನಿಲ್ಲಿಸಿ ಉಳಿಸಿದ ನೀರಿನಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತದೆ. ವಾರಕ್ಕೆ ಕೆಲವೇ ದಿನ, ಕೆಲವೇ ಗಂಟೆ ಲಾಕ್ ತೆರೆದು, ದೋಣಿಗಳನ್ನು ಗುಂಪುಗೂಡಿಸಿ ಬಿಡುವುದು ಪೂರ್ತಿ ಮುಚ್ಚುವುದಕ್ಕಿಂತ ಒಳ್ಳೆಯದು. ಅದಕ್ಕೆ ಲೆಕ್ಕ ಬಲ್ಲ ಲಾಕ್ ಕೀಪರ್‌ಗಳು ಬೇಕು, ಅಂದರೆ ಮತ್ತೆ ಹಣ.

ಅನುದಾನದ ಇಳಿಜಾರು

2012ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ಕಾಲುವೆಗಳನ್ನು ಹೊಸ ಧರ್ಮಾರ್ಥ ಸಂಸ್ಥೆಯಾದ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ಗೆ ಒಪ್ಪಿಸಲಾಯಿತು. 2,000 ಮೈಲಿ ಜಲಮಾರ್ಗ, 1,500ಕ್ಕೂ ಹೆಚ್ಚು ಲಾಕ್, ಎಪ್ಪತ್ತಕ್ಕೂ ಹೆಚ್ಚು ಜಲಾಶಯ, ಪಟ್ಟಿಯಲ್ಲಿರುವ ಸುಮಾರು 2,700 ರಚನೆ. ದೇಶದಲ್ಲಿ ಇಷ್ಟು ಪಾರಂಪರಿಕ ರಚನೆಗಳ ಹೊಣೆ ಹೊತ್ತ ಸಂಸ್ಥೆಗಳು ಬೆರಳೆಣಿಕೆಯಷ್ಟು. ಸರ್ಕಾರದ ವಾರ್ಷಿಕ ಅನುದಾನ 5.26 ಕೋಟಿ ಪೌಂಡಿಗೆ ನಿಂತಿದೆ, ಬೆಲೆ ಏರಿದರೂ ಅದು ಏರುತ್ತಿಲ್ಲ.

2023ರ ಜುಲೈನಲ್ಲಿ ಸರ್ಕಾರ ಮುಂದಿನ ಹತ್ತು ವರ್ಷದ ಲೆಕ್ಕ ಹೇಳಿತು. 2027ರಿಂದ 5 ಕೋಟಿ ಪೌಂಡಿನಲ್ಲಿ ಆರಂಭಿಸಿ, ವರ್ಷಕ್ಕೆ ಶೇ. 5ರಂತೆ ಇಳಿಸುತ್ತ, 2037ರವರೆಗೆ ಒಟ್ಟು 40 ಕೋಟಿ ಪೌಂಡಿಗಿಂತ ಸ್ವಲ್ಪ ಹೆಚ್ಚು. ಹತ್ತನೆಯ ವರ್ಷಕ್ಕೆ ಅದು ಸುಮಾರು 3.15 ಕೋಟಿಗೆ ಬಂದು ನಿಲ್ಲುತ್ತದೆ, ಬೆಲೆಯೇರಿಕೆ ಕಳೆದರೆ ಇನ್ನೂ ಕಡಿಮೆ. ಈ ಅವಧಿಯಲ್ಲಿ ಹಣದ ನಿಜಮೌಲ್ಯದಲ್ಲಿ ಆಗುವ ನಷ್ಟ 30 ಕೋಟಿ ಪೌಂಡನ್ನು ಮೀರುತ್ತದೆ ಎಂಬುದು ಟ್ರಸ್ಟ್‌ನ ಲೆಕ್ಕ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಟ್ರಸ್ಟ್‌ಗೆ ದೊಡ್ಡ ಹೂಡಿಕೆ ಆಸ್ತಿ ಇದೆ, ಕ್ರಮೇಣ ತನ್ನ ಕಾಲ ಮೇಲೆ ನಿಲ್ಲಲೆಂದೇ ಅದನ್ನು ಸರ್ಕಾರದಿಂದ ಬೇರ್ಪಡಿಸಿದ್ದು. ಆದರೆ ಆದಾಯ ಹೆಚ್ಚಿಸುವ ಮೊದಲ ಹೊರೆ ದೋಣಿಯವರ ಮೇಲೆ ಬಿದ್ದಿದೆ: ಪರವಾನಗಿ ಶುಲ್ಕ ಬೆಲೆಯೇರಿಕೆಗಿಂತ ವೇಗವಾಗಿ ಏರುತ್ತಿದೆ, ಅಗಲದ ದೋಣಿಗಳಿಗೂ ಖಾಯಂ ತಂಗುದಾಣವಿಲ್ಲದೆ ಸಂಚರಿಸುವವರಿಗೂ ಹೆಚ್ಚುವರಿ ಶುಲ್ಕ ಬೇರೆ. ಬಿಂಗ್ಲಿಗೆ ಬಂದು ದಂಡೆಯ ಮೇಲೆ ನಿಂತು ನೋಡಿಹೋಗುವವರಲ್ಲಿ ಬಹುಪಾಲು ಜನ ದೋಣಿಯವರಲ್ಲ, ಅವರಿಗೆ ಟಿಕೆಟ್ಟೂ ಇಲ್ಲ. ಜಲಾಶಯದ ಕಟ್ಟೆ ಒಡೆಯದಂತೆ ಕಾಯುವುದಂತೂ ಕೆಳಗಿನ ಊರಿನ ಸುರಕ್ಷತೆಯ ಕೆಲಸ. ಆ ಖರ್ಚನ್ನು ವಿಹಾರ ದೋಣಿಯ ಶುಲ್ಕದಿಂದ ತೂಗಿಸಲು ಹೊರಡುವುದು ಲೆಕ್ಕದ ತಪ್ಪು.

ಹಣ ಕಡಿಮೆಯಾದಾಗ ಮೊದಲು ಯಾವುದಕ್ಕೆ ಕೊಡಬೇಕು ಎಂಬ ಸರದಿ ತಾನೇ ಏರ್ಪಡುತ್ತದೆ. ಜನರ ಜೀವಕ್ಕೆ ಸಂಬಂಧಿಸಿದ ಅಣೆಕಟ್ಟು ಮತ್ತು ಏರಿ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಕದ, ತೂಬು, ಗಾರೆ ಆಮೇಲೆ. ಹೂಳೆತ್ತುವುದು ಇನ್ನೂ ಆಮೇಲೆ. ಬಿಂಗ್ಲಿಯಂಥ ಹೆಸರುವಾಸಿ ಲಾಕ್‌ಗೆ ಹೇಗೋ ಹಣ ಒದಗೀತು. ಮೊದಲ ದರ್ಜೆಗೆ ಆ ಮಟ್ಟಿನ ಆಕರ್ಷಣೆ ಇದೆ. ಅದೇ ಕಾಲುವೆಯ ಮೇಲೆ, ಹೆಸರೇ ಇಲ್ಲದ ಒಂಟಿ ಲಾಕ್‌ನಲ್ಲಿ ಕದ ಕಿತ್ತು ಹೋದರೆ ಬಿಂಗ್ಲಿಗೆ ದೋಣಿ ಬರುವುದೂ ನಿಲ್ಲುತ್ತದೆ. ಮುಖ್ಯ ಕಾಲುವೆಯಲ್ಲಿ ಇರುವುದು 91 ಲಾಕ್, ಬಿಂಗ್ಲಿಯದು ಅದರಲ್ಲಿ ಐದು.

ಈ ಚಳಿಗಾಲದಲ್ಲಿ ಕೂರಿಸಿದ ಓಕ್ ಕದವನ್ನು ಮತ್ತೆ ಬದಲಿಸುವ ಸರದಿ ಬರುವುದು 2050ರ ಆಸುಪಾಸಿನಲ್ಲಿ. ಅನುದಾನದ ಕೋಷ್ಟಕದ ಕೊನೆಯ ಸಾಲು 2037ರದ್ದು.